ಹೆಸರಘಟ್ಟದ ಹೋರಿಗಳೂ ಮೊಟ್ಟೆಯ ಹಳದಿಯೂ

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ಎಂಟನೇ ಮೈಲಿಯ ಬಳಿ ಬಲಕ್ಕೆ ತಿರುಗಿದರೆ ಹೆಸರಘಟ್ಟದ ದಾರಿ. ಚಿಕ್ಕಬಾಣಾವರದ ರೈಲುಹಳಿ, ಸೋಲದೇವನಹಳ್ಳಿ ದಾಟುವವರೆಗೂ ನಗರ ಬೆನ್ನು ಬಿಡುವುದಿಲ್ಲ. ಆಮೇಲೆ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತೋಟಗಳು ಬರುತ್ತವೆ, ಗಾಳಿಯ ವಾಸನೆ ಬದಲಾಗುತ್ತದೆ. ಇನ್ನೂ ಸ್ವಲ್ಪ ಮುಂದೆ ಹೋದರೆ ಮರಗಳೇ ಇಲ್ಲದ ಬಯಲು, ಅದರ ಮೇಲೆ ದೊಡ್ಡ ಆಕಾಶ.

ಈ ಊರಿಗೂ ಬೆಂಗಳೂರಿಗೂ ಹಳೆಯ ಋಣವಿದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಗೆ ಇಲ್ಲಿ ಕಟ್ಟೆ ಕಟ್ಟಿ, 1894ರಲ್ಲಿ ಬೆಂಗಳೂರಿಗೆ ನೀರು ಹರಿಸಲಾಯಿತು. ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಬಾವಿ, ಕಲ್ಯಾಣಿ, ಕೆರೆಗಳನ್ನು ನಂಬಿಕೊಂಡಿದ್ದ ನಗರ ಕೊಳಾಯಿಯ ನೀರಿನ ರುಚಿ ಕಂಡದ್ದು ಹೀಗೆ. ಮುಂದೆ ನದಿ ಸೊರಗಿತು, ಕೆರೆ ಎಷ್ಟೋ ವರ್ಷ ಬತ್ತಿ ಬಯಲಾಗಿತ್ತು. ಭಾನುವಾರ ಬರುವವರು ಕೆರೆಯ ಏರಿಯ ಮೇಲೆ ನಡೆಯುತ್ತಾರೆ, ಹುಲ್ಲುಗಾವಲಿನಲ್ಲಿ ದುರ್ಬೀನು ಹಿಡಿದು ಹಕ್ಕಿ ಹುಡುಕುತ್ತಾರೆ, 1990ರಲ್ಲಿ ಪ್ರೊತಿಮಾ ಬೇಡಿ ಕಟ್ಟಿದ ನೃತ್ಯಗ್ರಾಮವನ್ನು ನೋಡಿ ಮರಳುತ್ತಾರೆ. ತಂತಿಬೇಲಿಯ ಆಚೆ ಸಾಲಾಗಿ ನಿಂತ ಕೊಟ್ಟಿಗೆಗಳತ್ತ ಕಣ್ಣು ಹಾಯಿಸುವವರು ಕಡಿಮೆ. ರಾಜ್ಯದ ಒಳಗೂ ಹೊರಗೂ ಎಷ್ಟೋ ಮನೆಗಳಲ್ಲಿ ಬೆಳಗಿನ ಕಾಫಿಗೆ ಬೀಳುವ ಹಾಲಿನ ಮೂಲ ಆ ಬೇಲಿಯ ಒಳಗಿದೆ.

ಅದು ಹೋರಿಗಳ ಬೀಡು. ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಉತ್ಪಾದನೆ ಮತ್ತು ತರಬೇತಿ ಸಂಸ್ಥೆ 1969ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಇಲ್ಲಿ ತಲೆಯೆತ್ತಿತು. ಕರ್ನಾಟಕ ಹಾಲು ಮಹಾಮಂಡಳದ ನಂದಿನಿ ವೀರ್ಯ ಕೇಂದ್ರವೂ ಇದೇ ಪರಿಸರದಲ್ಲಿದೆ. ಕಪ್ಪು ಬಿಳುಪಿನ ಹೋಲ್‌ಸ್ಟೀನ್ ಫ್ರೀಷಿಯನ್, ಜಿಂಕೆ ಬಣ್ಣದ ಜರ್ಸಿ, ಮಿಶ್ರತಳಿಯ ಹೋರಿಗಳು, ದೇಶಿ ತಳಿಯವು, ಜೊತೆಗೆ ಮುರ್ರಾ ಕೋಣಗಳು. ಸಾವಿರ ಕಿಲೋ ಸಮೀಪಿಸುವ ಮೈ, ಮೂಗಿನಲ್ಲಿ ಬಳೆ, ಒಂದೊಂದಕ್ಕೂ ಒಂದು ಸಂಖ್ಯೆ.

ವಿಷಯ ಮನೆಮಂದಿಯೆಲ್ಲ ಕುಳಿತು ಓದುವಂಥದಲ್ಲ ಎಂದು ಕೆಲವು ಹಿರಿಯರಿಗೆ ಅನ್ನಿಸಬಹುದು. ಆದರೆ ಹೈಸ್ಕೂಲಿನ ಜೀವಶಾಸ್ತ್ರದಲ್ಲಿ ಸಂತಾನೋತ್ಪತ್ತಿಯ ಪಾಠ ಇದ್ದೇ ಇದೆ, ಹಳ್ಳಿಯ ಮಕ್ಕಳಂತೂ ಅದನ್ನು ಕೊಟ್ಟಿಗೆಯಲ್ಲೇ ಕಲಿತಿರುತ್ತಾರೆ. ಹಾಲು ಕುಡಿಯುವವರು ಹೋರಿಯ ವಿಚಾರದಲ್ಲಿ ಸಂಕೋಚಪಡುವುದು ಅಷ್ಟು ಸರಿಯಲ್ಲ.

ಕೃತಕ ಗರ್ಭಧಾರಣೆಯ ಕಥೆಯಲ್ಲಿ ಕರ್ನಾಟಕಕ್ಕೆ ಮೊದಲ ಪುಟದಲ್ಲೇ ಸ್ಥಾನವುಂಟು. ಭಾರತದಲ್ಲಿ ಅದನ್ನು ಮೊದಲು ಮಾಡಿ ತೋರಿಸಿದವರು ಸಂಪತ್ ಕುಮಾರನ್, ಸ್ಥಳ ಮೈಸೂರಿನ ಅರಮನೆಯ ಡೈರಿ ಫಾರಂ, ವರ್ಷ 1939. ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಹೋರಿಯ ವೀರ್ಯ ಹಾಕಿದರು, 33 ಹಸುಗಳು ಗಬ್ಬ ಕಟ್ಟಿದುವು ಎಂದು ಪಶುವೈದ್ಯ ಪಠ್ಯಗಳು ಹೇಳುತ್ತವೆ. ಅದಕ್ಕೆ ಮೂರೇ ವರ್ಷ ಮೊದಲು, 1936ರಲ್ಲಿ, ಡೆನ್ಮಾರ್ಕಿನ ಸ್ಯಾಮ್ಸೊ ದ್ವೀಪದ ರೈತರು ಈ ಕೆಲಸಕ್ಕೆಂದೇ ಸಹಕಾರ ಸಂಘ ಕಟ್ಟಿಕೊಂಡಿದ್ದರು. ಆ ದೇಶದ ಪಶುವೈದ್ಯ ಸೊರೆನ್ಸನ್ ಅವರು ಮಗಳ ಹುಟ್ಟುಹಬ್ಬದಲ್ಲಿ ಮಕ್ಕಳು ಕೊಳವೆಯಿಂದ ಪಾನಕ ಹೀರುವುದನ್ನು ಕಂಡು ‘ವೀರ್ಯವನ್ನೂ ಇಂಥದರಲ್ಲೇ ತುಂಬಬಾರದೇಕೆ?’ ಎಂದು ಯೋಚಿಸಿದರೆಂಬ ಕಥೆ ಆ ಕ್ಷೇತ್ರದವರ ಬಾಯಲ್ಲಿ ಇಂದಿಗೂ ಇದೆ. ಹೆಸರಘಟ್ಟದಿಂದ ಹೊರಬೀಳುವ ಬಣ್ಣಬಣ್ಣದ ಸ್ಟ್ರಾಗಳ ಮುತ್ತಜ್ಜ ಆ ಪಾನಕದ ಕೊಳವೆ.

ಬೇಲಿಯ ಒಳಗೆ ಸುಮ್ಮನೆ ಹೋಗುವಂತಿಲ್ಲ. ಹೊಸ ಹೋರಿಯನ್ನೇ ಕನಿಷ್ಠ ಎರಡು ತಿಂಗಳು ಬೇರೆ ಇಟ್ಟು, ಕ್ಷಯ, ಕಂದುರೋಗ ಮುಂತಾದುವಿಲ್ಲವೆಂದು ಪರೀಕ್ಷಿಸಿ, ಆಮೇಲೆ ಕೊಟ್ಟಿಗೆಗೆ ಸೇರಿಸುತ್ತಾರೆ. ಒಂದು ಹೋರಿಯ ರೋಗ ಸಾವಿರ ಕೊಟ್ಟಿಗೆಗಳಿಗೆ ಹಂಚಿಹೋಗಬಾರದಲ್ಲ? ಅನುಮತಿ ಪಡೆದು ಬಂದವರೂ ಔಷಧದ ನೀರಿನಲ್ಲಿ ಕಾಲದ್ದಿ ಒಳಗೆ ಕಾಲಿಡಬೇಕು.

ಕೆಲಸ ಆರಂಭವಾಗುವುದು ಬೆಳಗಿನ ತಂಪಿನಲ್ಲಿ. ಹೋರಿಯ ಮೈ ತೊಳೆದು, ಒರೆಸಿ, ಕಟಕಟೆಯ ಬಳಿ ತರುತ್ತಾರೆ. ಅಲ್ಲಿ ಇನ್ನೊಂದು ದನ ಆಳಿನಂತೆ ಸುಮ್ಮನೆ ನಿಂತಿರುತ್ತದೆ. ಬಿಸಿನೀರು ತುಂಬಿದ ರಬ್ಬರಿನ ಕೃತಕ ಯೋನಿಯನ್ನು ಹಿಡಿದ ಕೆಲಸಗಾರನಿಗೆ ಚುರುಕುತನ ಬೇಕು, ಧೈರ್ಯವೂ ಬೇಕು. ಹೋರಿ ಹಾರುವುದೂ ಕೆಲಸ ಮುಗಿಯುವುದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಗಾಜಿನ ನಳಿಕೆಯಲ್ಲಿ ಕೆನೆಹಾಲಿನಂಥ ಐದಾರು ಮಿಲಿಲೀಟರ್ ದ್ರವ. ವಾರಕ್ಕೆ ಎರಡು ದಿನ ಈ ಕೆಲಸ. ಉಳಿದಂತೆ ಹೋರಿಗೆ ಮೇವು, ವ್ಯಾಯಾಮ, ವಿಶ್ರಾಂತಿ.

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಬಹುದು. ಒಳ್ಳೆಯ ಹೋರಿಯ ವೀರ್ಯದಲ್ಲಿ ಮಿಲಿಲೀಟರಿಗೆ ಸುಮಾರು ನೂರು ಕೋಟಿ ವೀರ್ಯಾಣು. ಐದು ಮಿಲಿಲೀಟರೆಂದರೆ ಐನೂರು ಕೋಟಿ. ಕಾಲು ಮಿಲಿಲೀಟರಿನ ಒಂದು ಸ್ಟ್ರಾದಲ್ಲಿ ತುಂಬುವುದು ಎರಡು ಕೋಟಿ. ಅಂದರೆ ಒಂದೇ ಸಲಕ್ಕೆ ಇನ್ನೂರೈವತ್ತು ಹಸುಗಳಿಗೆ ಸಾಕಾಗುವಷ್ಟು! ಊರ ಬಸವ ವರ್ಷವಿಡೀ ತಿರುಗಿದರೂ ಇದು ಸಾಧ್ಯವಿಲ್ಲ.

ನಳಿಕೆ ಪ್ರಯೋಗಾಲಯದ ಕಿಟಕಿಯಿಂದ ಒಳಗೆ ಹೋಗುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಹತ್ತರಲ್ಲಿ ಏಳು ವೀರ್ಯಾಣುವಾದರೂ ಮುಂದಕ್ಕೆ ಈಜುತ್ತಿರಬೇಕು. ಇಲ್ಲವಾದರೆ ಚೆಲ್ಲುವುದೇ ಸರಿ. ಪಾಸಾದುದಕ್ಕೆ ಪೋಷಕ ದ್ರಾವಣ ಬೆರೆಸುತ್ತಾರೆ. ಹೊಸಬರಿಗೆ ಅಚ್ಚರಿಯಾಗುವುದು ಈ ದ್ರಾವಣವನ್ನು ಕಂಡಾಗ. ಹತ್ತಾರು ಲಕ್ಷ ಬೆಲೆಯ ಯಂತ್ರಗಳ ನಡುವೆ ಒಬ್ಬರು ಕುಳಿತು ಕೋಳಿಮೊಟ್ಟೆ ಒಡೆಯುತ್ತಿರುತ್ತಾರೆ. ಬಿಳಿಯನ್ನು ಬೇರ್ಪಡಿಸಿ, ಶೋಧಕ ಕಾಗದದ ಮೇಲೆ ಹೊರಳಿಸಿ, ಹಳದಿಯನ್ನಷ್ಟೇ ತೆಗೆಯುತ್ತಾರೆ. ಐದರಲ್ಲಿ ಒಂದು ಪಾಲು ಮೊಟ್ಟೆಯ ಹಳದಿ, ಸ್ವಲ್ಪ ಗ್ಲಿಸರಾಲ್, ಲವಣ, ಸಕ್ಕರೆ, ಸೋಂಕು ತಡೆಯುವ ಔಷಧ. ಇಷ್ಟು ಬೆರೆತ ಮೇಲೆ ವೀರ್ಯವನ್ನು ನಾಲ್ಕೈದು ಡಿಗ್ರಿಯ ತಂಪಿನಲ್ಲಿ ಕೆಲವು ಗಂಟೆ ಇಟ್ಟು, ಸ್ಟ್ರಾಗಳಲ್ಲಿ ತುಂಬಿ, ದ್ರವ ಸಾರಜನಕದ ಆವಿಯಲ್ಲಿ ಹೆಪ್ಪುಗಟ್ಟಿಸಿ, ಕೊನೆಗೆ ಮೈನಸ್ 196 ಡಿಗ್ರಿಯ ದ್ರವದಲ್ಲಿ ಮುಳುಗಿಸುತ್ತಾರೆ. ಅಲ್ಲಿ ಕಾಲವೇ ನಿಂತುಹೋಗುತ್ತದೆ. ಹೋರಿ ಸತ್ತು ದಶಕಗಳಾದ ಮೇಲೂ ಅದಕ್ಕೆ ಕರು ಹುಟ್ಟಬಹುದು.

ಗ್ಲಿಸರಾಲಿನ ಗುಣ ತಿಳಿದದ್ದು 1949ರಲ್ಲಿ, ಲಂಡನ್ನಿನಲ್ಲಿ. ಕ್ರಿಸ್ಟಫರ್ ಪೋಲ್ಜ್ ಮತ್ತು ಸಂಗಡಿಗರು ಬಳಸಿದ ಸೀಸೆಯ ಚೀಟಿ ಅದಲುಬದಲಾಗಿತ್ತು. ಸಕ್ಕರೆಯ ದ್ರಾವಣವೆಂದು ಹಾಕಿದ್ದರಲ್ಲಿ ಗ್ಲಿಸರಾಲ್ ಇತ್ತು. ವೀರ್ಯಾಣುಗಳು ಹಿಮದಲ್ಲಿಯೂ ಬದುಕಿ ಉಳಿದುವು. ಮೊಟ್ಟೆಯ ಹಳದಿ ಅದಕ್ಕಿಂತ ಹಳೆಯದು. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಫಿಲಿಪ್ಸ್ ಮತ್ತು ಲಾರ್ಡಿ ಎಂಬಿಬ್ಬರು 1940ರಲ್ಲೇ ಅದನ್ನು ಪ್ರಕಟಿಸಿದ್ದರು. ಹಳದಿ ಬೆರೆಸಿದರೆ ವೀರ್ಯಾಣು ಚಳಿ ತಡೆಯುತ್ತದೆ ಎಂಬುದು ಅಂದಿನಿಂದ ಎಲ್ಲರಿಗೂ ಗೊತ್ತು. ಆದರೆ ಏಕೆ ತಡೆಯುತ್ತದೆ? ಹಳದಿ ವೀರ್ಯಾಣುವಿಗೆ ಎಣ್ಣೆಯಂತೆ ಮೆತ್ತಿಕೊಂಡು ರಕ್ಷಿಸುತ್ತದೆ ಎಂಬ ಊಹೆಯಲ್ಲೇ ಅರವತ್ತು ವರ್ಷ ಕಳೆಯಿತು. ಸರಿಯಾದ ಉತ್ತರ ಹುಡುಕಲು ಮೊಟ್ಟೆಯನ್ನು ಬಿಟ್ಟು ಹೋರಿಯ ಮೈಯೊಳಕ್ಕೇ ಪ್ರಯಾಣ ಮಾಡಬೇಕಾಯಿತು.

ಆ ಪ್ರಯಾಣ ಆರಂಭವಾಗುವ ಊರು ವೃಷಣ. ದೇಹಕ್ಕಿಂತ ಕೆಲವು ಡಿಗ್ರಿ ತಂಪಾಗಿರಲೆಂದೇ ಪ್ರಕೃತಿ ಅದನ್ನು ಹೊರಗೆ ತೂಗುಬಿಟ್ಟಿದೆ. ಒಂದು ವೀರ್ಯಾಣು ಅಲ್ಲಿ ರೂಪುಗೊಳ್ಳಲು ಹೋರಿಯಲ್ಲಿ ಸುಮಾರು 61 ದಿನ ಬೇಕು. ಹಾಗಾಗಿ ಏಪ್ರಿಲಿನ ಬಿಸಿಲಿನಲ್ಲಿ ವಿದೇಶಿ ಹೋರಿ ಬಳಲಿದರೆ ಅದರ ಫಲ ಕಾಣುವುದು ವಾರಗಳು ಕಳೆದ ಮೇಲೆ, ಮಳೆ ಬಿದ್ದು ತಂಪಾದಾಗ. ಹೆಸರಘಟ್ಟದ ಎತ್ತರ ಮತ್ತು ಹವೆ ಈ ಕೆಲಸಕ್ಕೆ ಒಗ್ಗುವುದು ಇದರಿಂದಲೇ.

ಇಲ್ಲಿ ಪ್ರೋಟೀನಿನ ಮಾತು ಬರುತ್ತದೆ. ಪ್ರೋಟೀನೆಂದರೆ ಬೇಳೆ, ಮೊಟ್ಟೆ ಎಂದಷ್ಟೇ ತಿಳಿದವರುಂಟು. ಆದರೆ ಜೀವಕೋಶದಲ್ಲಿ ಕೆಲಸ ಮಾಡುವ ಆಳುಗಳೆಲ್ಲ ಪ್ರೋಟೀನುಗಳೇ. ಯಾವ ಆಳನ್ನು ಹೇಗೆ ತಯಾರಿಸಬೇಕೆಂಬುದು ವಂಶವಾಹಿಗಳಲ್ಲಿ ಬರೆದಿದೆ. ಹೋರಿಯ ಕೊಂಬಿನ ಬುಡದ ಜೀವಕೋಶವಾಗಲಿ, ವೃಷಣದ ಜೀವಕೋಶವಾಗಲಿ, ಎರಡರಲ್ಲೂ ಇರುವುದು ಒಂದೇ ಗ್ರಂಥ. ಊರಿನ ಪ್ರತಿ ಮನೆಯಲ್ಲೂ ಒಂದೇ ಪಂಚಾಂಗವಿದ್ದರೂ ಮದುವೆ ಮನೆಯವರು ಮುಹೂರ್ತದ ಪುಟ ತೆರೆಯುತ್ತಾರೆ, ಬಿತ್ತನೆಗೆ ಹೊರಟವರು ಮಳೆ ನಕ್ಷತ್ರದ ಪುಟ ತೆರೆಯುತ್ತಾರೆ; ಇದೂ ಹಾಗೆಯೇ. ಒಂದು ಅಂಗ ತನಗೆ ಬೇಕಾದ ಪುಟ ತೆರೆದು, ಓದಿ, ಅದರಂತೆ ಪ್ರೋಟೀನು ತಯಾರಿಸುವುದಕ್ಕೆ ಪ್ರೋಟೀನಿನ ಅಭಿವ್ಯಕ್ತಿ ಎಂದು ಹೆಸರು. ಪುಟ ತೆರೆಸುವ ಯಜಮಾನ ಬೇರೆ ಇರುತ್ತಾನೆ. ಗಂಡಿನ ಅಂಗಗಳ ಮಟ್ಟಿಗೆ ಅವನು ವೃಷಣದಲ್ಲಿ ಹುಟ್ಟುವ ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನು. ಬೀಜ ಒಡೆದ ಎತ್ತಿನಲ್ಲಿಯೂ ಅದೇ ಗ್ರಂಥ, ಅದೇ ಗ್ರಂಥಿಗಳು. ಯಜಮಾನನಿಲ್ಲದ್ದರಿಂದ ಪುಟ ತೆರೆಯುವುದಿಲ್ಲ, ಗ್ರಂಥಿಗಳು ಮುದುಡುತ್ತವೆ.

ವೀರ್ಯಾಣುವಿನ ಪಾಡು ಇನ್ನೂ ವಿಚಿತ್ರ. ಹಗುರಾಗಿ ಈಜಬೇಕಲ್ಲ, ಅದಕ್ಕಾಗಿ ಅದು ತನ್ನ ಡಿ.ಎನ್.ಎ.ಯನ್ನು ಪ್ರೊಟಮಿನ್ ಎಂಬ ಪುಟ್ಟ ಪ್ರೋಟೀನುಗಳಿಂದ ಬಿಗಿದು ಗಂಟು ಕಟ್ಟಿಬಿಡುತ್ತದೆ. ಗಂಟು ಕಟ್ಟಿದ ಗ್ರಂಥವನ್ನು ಓದಲಾಗದು. ಅಂದರೆ ವೃಷಣ ಬಿಟ್ಟ ಮೇಲೆ ವೀರ್ಯಾಣು ತನಗೆ ಬೇಕಾದ ಪ್ರೋಟೀನನ್ನು ಹೊಸದಾಗಿ ತಾನೇ ಮಾಡಿಕೊಳ್ಳುವುದು ಹೆಚ್ಚು ಕಡಿಮೆ ನಿಂತೇಹೋಗುತ್ತದೆ. ಮುಂದಿನ ದಾರಿಯಲ್ಲಿ ಬೇಕಾದುದನ್ನೆಲ್ಲ ದಾರಿಯ ಊರುಗಳೇ ಕೊಡಬೇಕು.

ಮೊದಲ ಊರು ಅಧಿವೃಷಣ. ವೃಷಣಕ್ಕೆ ಅಂಟಿಕೊಂಡು ಮಲಗಿರುವ ಈ ಅಂಗ ನೋಡಲು ಅಂಗೈಯಲ್ಲಿ ಹಿಡಿಸುತ್ತದೆ. ಬಿಡಿಸಿ ಎಳೆದರೆ ಮೂವತ್ತು ಮೀಟರಿಗೂ ಉದ್ದವಾದ ಒಂದೇ ಕೊಳವೆ. ಅದನ್ನು ದಾಟಲು ವೀರ್ಯಾಣುವಿಗೆ ಹತ್ತು ದಿನ ಹಿಡಿಯುತ್ತದೆ. ಒಳಬರುವಾಗ ಅದಕ್ಕೆ ನೆಟ್ಟಗೆ ಈಜಲು ಬಾರದು, ಅಂಡವನ್ನು ಗುರುತಿಸಲು ಬಾರದು. ಕೊಳವೆಯ ತಲೆ, ನಡು, ಬಾಲ ಮೂರೂ ಬೇರೆಬೇರೆ ಪುಟ ತೆರೆದು ಬೇರೆಬೇರೆ ಪ್ರೋಟೀನುಗಳನ್ನು ಒಸರುತ್ತವೆ. ಕೆಲವು ನೇರವಾಗಿ ಬಂದು ಅಂಟುತ್ತವೆ, ಕೆಲವು ಕಣ್ಣಿಗೆ ಕಾಣದ ಪುಟ್ಟ ಗುಳ್ಳೆಗಳಲ್ಲಿ ತುಂಬಿ ಬಂದು ವೀರ್ಯಾಣುವಿನ ಪೊರೆಯೊಂದಿಗೆ ಬೆರೆಯುತ್ತವೆ. ಹಳೆಯ ಕೆಲವು ಕಳಚಿಯೂ ಬೀಳುತ್ತವೆ. ಮಠಕ್ಕೆ ಸೇರಿದ ಹುಡುಗ ವಿದ್ಯೆ ಕಲಿತು ಬಂದಂತೆ, ಬಾಲದ ತುದಿಯಲ್ಲಿ ಹೊರಬೀಳುವ ವೀರ್ಯಾಣು ಬೇರೆಯೇ ಆಗಿರುತ್ತದೆ.

ಎರಡನೆಯ ಊರಿನಲ್ಲಿ ತಂಗಲು ಸಮಯವಿಲ್ಲ. ಹೋರಿ ಹಾರಿದ ಆ ಒಂದು ಕ್ಷಣದಲ್ಲಿ ವೀರ್ಯಕೋಶಿಕೆ, ಪ್ರಾಸ್ಟೇಟ್ ಮೊದಲಾದ ಗ್ರಂಥಿಗಳ ರಸ ವೀರ್ಯಾಣುವಿನ ಮೇಲೆ ಸುರಿಯುತ್ತದೆ. ನಾಯಿಗೆ ವೀರ್ಯಕೋಶಿಕೆಯೇ ಇಲ್ಲ, ಹೋರಿಯಲ್ಲಾದರೋ ಅದೇ ದೊಡ್ಡ ಕಾರ್ಖಾನೆ. ಅದರ ಮುಖ್ಯ ಸರಕು ಬಿ.ಎಸ್.ಪಿ. ಎಂಬ ಪ್ರೋಟೀನುಗಳ ಕುಟುಂಬ. ವೀರ್ಯರಸದ ಒಟ್ಟು ಪ್ರೋಟೀನಿನಲ್ಲಿ ಅರ್ಧದಷ್ಟು ಇದೊಂದೇ. ಈ ಕುಟುಂಬದ ಹಿರಿಯನಿಗೆ ಪಿ.ಡಿ.ಸಿ.-109 ಎಂದು ಇನ್ನೊಂದು ಹೆಸರು. 109 ಅಮೈನೋ ಆಮ್ಲಗಳ ಸರಪಳಿ ಎಂಬುದರಿಂದ ಬಂದದ್ದು.

ಈ ಕುಟುಂಬವನ್ನು 1980ರ ದಶಕದಿಂದ ಬಿಡದೆ ಬೆನ್ನುಹತ್ತಿದವರು ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪುಟ್ಟಸ್ವಾಮಿ ಮಂಜುನಾಥ್. ಹೆಸರು ಕೇಳಿದೊಡನೆ ಕನ್ನಡದ ಕಿವಿ ನಿಮಿರುತ್ತದೆ. ಅವರ ಪ್ರಯೋಗಾಲಯ ಕಂಡುಕೊಂಡದ್ದು ಇಷ್ಟು: ಬಿ.ಎಸ್.ಪಿ. ಪ್ರೋಟೀನು ವೀರ್ಯಾಣುವಿನ ಪೊರೆಗೆ ಅಂಟಿ, ಅಲ್ಲಿರುವ ಕೊಲೆಸ್ಟರಾಲನ್ನೂ ಕೊಬ್ಬನ್ನೂ ಸ್ವಲ್ಪಸ್ವಲ್ಪವಾಗಿ ಎಳೆದು ಹಾಕುತ್ತದೆ. ಹಸುವಿನ ಗರ್ಭನಾಳದಲ್ಲಿ ಇದು ಬೇಕಾದ ಕೆಲಸ. ಪೊರೆ ಸಡಿಲವಾದರೇ ವೀರ್ಯಾಣು ಅಂಡವನ್ನು ಹೊಗಲು ಸಿದ್ಧವಾಗುವುದು. ನಾಳದ ಗೋಡೆಗೆ ವೀರ್ಯಾಣು ಅಂಟಿಕೊಂಡು ಅಂಡ ಬರುವವರೆಗೆ ಕಾಯುವುದಕ್ಕೂ ಇದೇ ಪ್ರೋಟೀನು ಕೈಹಿಡಿಯುತ್ತದೆ ಎಂದು ಅಮೆರಿಕದಲ್ಲಿ ಬೇರೆ ಸಂಶೋಧಕರು 2003ರಲ್ಲಿ ತೋರಿಸಿದರು. ಹಸುವಿನ ದೇಹದಲ್ಲಿ ವೀರ್ಯಾಣುಗಳು ರಸವನ್ನು ಹಿಂದೆಬಿಟ್ಟು ಬೇಗ ಮುಂದೆ ಸಾಗುತ್ತವೆ. ನಳಿಕೆಯಲ್ಲಿ ಹಾಗಲ್ಲ, ಗಂಟೆಗಟ್ಟಲೆ ಅದೇ ರಸದಲ್ಲಿ ನೆನೆಯುತ್ತವೆ. ಸೀಗೆಪುಡಿ ತಲೆಯ ಎಣ್ಣೆ ಹೋಗುವಷ್ಟು ಹೊತ್ತು ತಿಕ್ಕಿದರೆ ಹಿತ, ಬೆಳಗಿನಿಂದ ಸಂಜೆಯವರೆಗೆ ತಿಕ್ಕಿದರೆ ಚರ್ಮವೇ ಕಿತ್ತುಬರುತ್ತದೆ. ಹಸುವಿನಲ್ಲಿ ವರವಾದ ಪ್ರೋಟೀನು ನಳಿಕೆಯಲ್ಲಿ ಶಾಪ.

ಮೊಟ್ಟೆಯ ಗುಟ್ಟು ಬಯಲಾದದ್ದು ಇಲ್ಲಿ. ಹಳದಿಯಲ್ಲಿರುವ ಕೊಬ್ಬು-ಪ್ರೋಟೀನಿನ ಕಣಗಳು ಈ ಬಿ.ಎಸ್.ಪಿ.ಯನ್ನು ಕ್ಷಣಾರ್ಧದಲ್ಲಿ ತಮ್ಮ ಕಡೆಗೆ ಎಳೆದುಕೊಂಡು ಹಿಡಿದಿಡುತ್ತವೆ; ವೀರ್ಯಾಣುವಿನ ಪೊರೆ ಉಳಿಯುತ್ತದೆ. 2000ದ ದಶಕದ ಆರಂಭದಲ್ಲಿ ಮಂಜುನಾಥ್ ಅವರ ತಂಡ ಮುಂದಿಟ್ಟ ವಿವರಣೆ ಇದು. ಹಳದಿ ಹೊದಿಕೆಯಲ್ಲ, ಗಾಳದ ಎರೆ! ಕೆನೆ ತೆಗೆದ ಹಾಲು ಕೂಡ ಮೊಟ್ಟೆಯಂತೆಯೇ ವೀರ್ಯವನ್ನು ಕಾಪಾಡುವುದು ಹಿಂದಿನಿಂದ ಗೊತ್ತಿತ್ತು. ಅಲ್ಲಿ ಎರೆಯಾಗುವುದು ಹಾಲಿನ ಕೇಸಿನ್ ಕಣ. ಹಾಲಿಗಾಗಿ ಮಾಡುವ ಕೆಲಸಕ್ಕೆ ಹಾಲೇ ಕಾವಲು ನಿಂತದ್ದು ಸ್ವಾರಸ್ಯವಲ್ಲವೇ?

ಇಷ್ಟಾದರೂ ಹಳ್ಳಿಯ ಕೊಟ್ಟಿಗೆಯ ಲೆಕ್ಕ ಬೇರೆಯೇ. ದೇಶದಲ್ಲಿ ಊರ ಮಟ್ಟದಲ್ಲಿ ಒಂದು ಸಲದ ಕೃತಕ ಗರ್ಭಧಾರಣೆಗೆ ಗಬ್ಬ ಕಟ್ಟುವುದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಹಸು. ಕಟ್ಟದಿದ್ದರೆ ಇನ್ನೊಮ್ಮೆ ಬೆದೆಗೆ ಬರಲು 21 ದಿನ ಕಾಯಬೇಕು. ಆ 21 ದಿನದ ಮೇವು, ಹಿಂಡಿ, ದುಡಿಮೆ ಎಲ್ಲ ಲೆಕ್ಕಕ್ಕಿಲ್ಲ. ಎರಡು ಹಸುಗಳ ಹಾಲಿನ ಹಣದಲ್ಲಿ ಮಗಳ ಹಾಸ್ಟೆಲ್ ಫೀಸು ಕಟ್ಟುವ ಮನೆಗೆ ನಾಲ್ಕು ಬೆದೆ ವ್ಯರ್ಥವಾಯಿತೆಂದರೆ ಸುಮಾರು ಮೂರು ತಿಂಗಳು ಹೋದಂತೆ. ಆಮೇಲೆ ಸಂತೆ. ಗೊಡ್ಡು ಹಸು, ಗೊಡ್ಡೆಮ್ಮೆ ಎಂಬ ಮಾತುಗಳು ಹಳ್ಳಿಯಲ್ಲಿ ಧಾರಾಳ. ಗೊಡ್ಡು ಹೋರಿ ಎಂಬುದು ಕಿವಿಗೆ ಬೀಳುವುದು ಅಪರೂಪ. ತಪ್ಪೆಲ್ಲ ಹೆಣ್ಣಿನದೇ ಎನ್ನುವ ಅಭ್ಯಾಸ ಮನುಷ್ಯರಿಂದ ದನಗಳಿಗೂ ಬಂದಿರಬೇಕು.

ನ್ಯಾಯವಾಗಿ ಹೇಳುವುದಾದರೆ ಕಾರಣಗಳು ಹಲವು. ಬೆದೆ ಗುರುತಿಸಲು ತಡವಾಗಿರಬಹುದು, ಹಸುವಿಗೆ ಖನಿಜಾಂಶ ಸಾಲದೆ ಹೋಗಿರಬಹುದು, ಸ್ಟ್ರಾವನ್ನು 37 ಡಿಗ್ರಿ ಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಅದ್ದುವ ಬದಲು ಅಂಗೈಯಲ್ಲಿ ಉಜ್ಜಿ ಕರಗಿಸಿರಬಹುದು. ಆದರೆ ಒಂದು ಹಸುವಿನ ದೋಷ ಒಂದು ಮನೆಗೆ ಸೀಮಿತ. ವರ್ಷಕ್ಕೆ ಸಾವಿರಾರು ಸ್ಟ್ರಾ ಕೊಡುವ ಹೋರಿಯ ದೋಷ ಸಾವಿರಾರು ಮನೆಗಳಿಗೆ ಹಂಚಿಹೋಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿಯೇ ಈಜುವ ವೀರ್ಯದಲ್ಲೂ ಇಂಥ ದೋಷ ಅಡಗಿರಬಹುದು ಎಂಬುದೇ ತೊಡಕು. ಓಡಬಲ್ಲ ಟಪಾಲಿನವನ ಚೀಲದಲ್ಲಿ ಕಾಗದವಿದೆಯೋ ಇಲ್ಲವೋ ಎಂಬುದು ಅವನ ಓಟದಿಂದ ತಿಳಿಯುವುದಿಲ್ಲ.

ಪ್ರೋಟೀನಿನಿಂದ ತಿಳಿಯಬಹುದೇ? ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯ ವಿಶ್ವವಿದ್ಯಾಲಯದ ಗ್ಯಾರಿ ಕಿಲಿಯನ್ ಮತ್ತು ಸಂಗಡಿಗರು 1993ರಲ್ಲಿ ಇದನ್ನು ಪರೀಕ್ಷಿಸಿದರು. ಹೋಲ್‌ಸ್ಟೀನ್ ಹೋರಿಗಳ ವೀರ್ಯರಸವನ್ನು ಜೆಲ್ ಎಂಬ ಲೋಳೆಯ ಹಾಳೆಯ ಮೇಲೆ ವಿದ್ಯುತ್ತಿನಿಂದ ಓಡಿಸಿದರೆ ಪ್ರೋಟೀನುಗಳು ತೂಕಕ್ಕೂ ವಿದ್ಯುದಂಶಕ್ಕೂ ತಕ್ಕಂತೆ ಬೇರೆಬೇರೆ ಜಾಗದಲ್ಲಿ ನಿಲ್ಲುತ್ತವೆ. ಬಣ್ಣ ಹಾಕಿದರೆ ರಾಗಿ ಚೆಲ್ಲಿದಂತೆ ಚುಕ್ಕೆಗಳು. ಹೆಚ್ಚು ಕರು ಕೊಟ್ಟ ಹೋರಿಗಳಲ್ಲಿ ಎರಡು ಚುಕ್ಕೆ ದಪ್ಪವಾಗಿದ್ದುವು, ಕಡಿಮೆ ಕೊಟ್ಟವುಗಳಲ್ಲಿ ಬೇರೆ ಎರಡು. ಮೊದಲಿನ ಎರಡರಲ್ಲಿ ಒಂದು ಆಸ್ಟಿಯೊಪಾಂಟಿನ್ ಎಂದು ಮುಂದೆ ಗುರುತಾಯಿತು. ಮೂಳೆಯಲ್ಲಿ ಮೊದಲು ಸಿಕ್ಕಿ ಮೂಳೆಯ ಹೆಸರನ್ನೇ ಹೊತ್ತ ಪ್ರೋಟೀನು ಹೋರಿಯ ವೀರ್ಯರಸದಲ್ಲಿ ಏನು ಮಾಡುತ್ತಿದೆ? ಗ್ರಂಥ ಒಂದೇ, ಪುಟ ತೆರೆಯುವ ಮನೆಗಳು ಹಲವು ಎಂಬುದಕ್ಕೆ ಇದೂ ಸಾಕ್ಷಿ.

ಹೆಸರಘಟ್ಟದಲ್ಲಿ ವೀರ್ಯ ತುಂಬುತ್ತಾರೆ. ಇಂಥ ಚುಕ್ಕೆಗಳನ್ನು ಓದುವ ಕೆಲಸ ನಡೆಯುವುದು ನಗರದ ಇನ್ನೊಂದು ತುದಿಯಲ್ಲಿ. ಯಲಹಂಕದ ಮೇಲೆ ಹಿಂದಿರುಗಿದರೆ 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯ ಕಾಲೇಜು ಸಿಗುತ್ತದೆ. ಮಕ್ಕಳು ಡಾಕ್ಟರೋ ಎಂಜಿನಿಯರೋ ಆಗಬೇಕೆನ್ನುವ ತಂದೆತಾಯಿ ಈ ಗೇಟಿನ ಕಡೆಗೂ ಒಮ್ಮೆ ನೋಡುವುದು ಒಳ್ಳೆಯದು. ಅಲ್ಲಿಂದ ನಗರವನ್ನು ಸೀಳಿಕೊಂಡು ಹೊಸೂರು ರಸ್ತೆಯ ಆಡುಗೋಡಿ ತಲುಪಿದರೆ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ. ಪ್ರಾದೇಶಿಕ ಎಂಬ ಹೆಸರಿನಿಂದ ಮೋಸಹೋಗಬಾರದು. 1923ರಲ್ಲಿ ಮೂಲಸಂಸ್ಥೆ ಹುಟ್ಟಿದ್ದೇ ಇಲ್ಲಿ. 1955ರಲ್ಲಿ ಮುಖ್ಯ ಕಚೇರಿ ಕರ್ನಾಲಿಗೆ ಹೋಯಿತು, ತವರುಮನೆ ಶಾಖೆಯಾಯಿತು. ಆರೋಗ್ಯ ಸುಧಾರಿಸಿಕೊಳ್ಳಲು ಬೆಂಗಳೂರಿಗೆ ಬಂದಿದ್ದ ಗಾಂಧೀಜಿ 1927ರಲ್ಲಿ ಇಲ್ಲಿಗೆ ಬಂದು ಗೋಪಾಲನೆಯ ಪಾಠ ಕೇಳಿದ್ದರು. 1995ರಿಂದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯೂ ಆಡುಗೋಡಿಯಲ್ಲಿದೆ.

ಇಲ್ಲಿನ ಕಟ್ಟಡಗಳಲ್ಲಿ ಹೋರಿ ಕಾಣುವುದಿಲ್ಲ. ಬೆರಳಿನ ತುದಿಯಷ್ಟು ನಳಿಕೆಗಳು, ತಣ್ಣನೆಯ ಕೋಣೆಗಳು, ಪ್ರೋಟೀನನ್ನು ತುಂಡರಿಸಿ ತೂಕ ಹಾಕಿ ಹೆಸರು ಹೇಳುವ ಯಂತ್ರಗಳು. ವಿಜ್ಞಾನಿಗಳನ್ನು ಕಾಡುವ ಪ್ರಶ್ನೆ ಈ ದೇಶದ್ದೇ ಆದದ್ದು. ವಿದೇಶಿ ತಂದೆ, ದೇಶಿ ತಾಯಿಯ ಮಿಶ್ರತಳಿ ಹಸು ಧಾರಾಳವಾಗಿ ಹಾಲು ಕೊಡುತ್ತದೆ. ಅದರ ಅಣ್ಣತಮ್ಮಂದಿರು ಹೋರಿಗಳಾಗಿ ಬೆಳೆದಾಗ ಮಾತ್ರ ಅವರಲ್ಲಿ ಗಣನೀಯ ಭಾಗದ ವೀರ್ಯ ಪರೀಕ್ಷೆಯಲ್ಲಿ ಸೋಲುತ್ತದೆ, ಇಲ್ಲವೇ ಹಿಮದಲ್ಲಿ ಉಳಿಯುವುದಿಲ್ಲ. ಎರಡು ಮೂರು ವರ್ಷ ಸಾಕಿ ಬೆಳೆಸಿದ ಹೋರಿ ನಿರುಪಯೋಗಿ ಎಂದಾಗ ಖರ್ಚೆಲ್ಲ ನೀರುಪಾಲು. ಎರಡು ತಳಿಗಳ ಗ್ರಂಥ ಬೆರೆತಾಗ ಪುಟ ತೆರೆಯುವ ಕ್ರಮದಲ್ಲಿ ಏನಾದರೂ ಎಡವಟ್ಟಾಗುತ್ತದೆಯೇ ಎಂದು ನೋಡಲು ದೇಶಿ, ವಿದೇಶಿ, ಮಿಶ್ರತಳಿ ಹೋರಿಗಳ ವೀರ್ಯಾಣು ಪ್ರೋಟೀನುಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುತ್ತಾರೆ. ಗಂಟು ಕಟ್ಟಿದ ಗ್ರಂಥದ ಜೊತೆಗೆ ವೀರ್ಯಾಣುವಿನಲ್ಲಿ ಹಿಂದೆ ತೆರೆದ ಪುಟಗಳ ಕೆಲವು ನಕಲುಗಳು ಆರ್.ಎನ್.ಎ. ರೂಪದಲ್ಲಿ ಉಳಿದಿರುತ್ತವೆ. ಪಶು ಪೋಷಣೆ ಸಂಸ್ಥೆಯ ತಂಡ ಹೋರಿಯ ವೀರ್ಯಾಣುವಿನ ಅಂಥ ನಕಲುಗಳ ದೊಡ್ಡ ಪಟ್ಟಿಯೊಂದನ್ನು 2017ರಲ್ಲಿ ಪ್ರಕಟಿಸಿತು. ವೃಷಣದಲ್ಲಿ ಎರಡು ತಿಂಗಳು ಏನೇನು ನಡೆಯಿತೆಂಬುದನ್ನು ಹೋರಿಗೆ ಚುಚ್ಚದೆ ಕುಯ್ಯದೆ ಊಹಿಸಲು ಇದು ದಾರಿ.

ಅವಸರದ ಭರವಸೆ ಕೊಡುವವರು ಇಲ್ಲಿ ಕಡಿಮೆ, ಅದು ಮೆಚ್ಚತಕ್ಕದ್ದೇ. ಒಂದು ತಳಿಯಲ್ಲಿ ಒಳ್ಳೆಯದೆಂದು ಕಂಡ ಚುಕ್ಕೆ ಇನ್ನೊಂದರಲ್ಲಿ ಹಾಗೆ ಕಾಣುವುದಿಲ್ಲ. ಬಿ.ಎಸ್.ಪಿ. ಕಡಿಮೆಯಾದರೂ ತೊಂದರೆ, ಹೆಚ್ಚಾದರೂ ತೊಂದರೆ. ಬರೀ ಪ್ರೋಟೀನಿನ ಪಟ್ಟಿ ನೋಡಿ ಹೋರಿಯನ್ನು ಆರಿಸುವ ಕಾಲ ಇನ್ನೂ ಬಂದಿಲ್ಲ. ಜಗತ್ತಿನ ಬರಹಗಳಲ್ಲಿ ಹೆಚ್ಚಿನವು ಹೋಲ್‌ಸ್ಟೀನ್ ಹೋರಿಯವು. ಹಳ್ಳಿಕಾರ್, ಅಮೃತಮಹಲ್ ಹೋರಿಗಳ ಕುರಿತದ್ದು ತೀರ ಕಡಿಮೆ. ಇಂದು ಪಿ.ಯು.ಸಿ. ಓದುತ್ತಿರುವವರಿಗೆ ಮಾಡಲು ಕೆಲಸ ಬೇಕಾದಷ್ಟಿದೆ.

ಚುಕ್ಕೆಗಳನ್ನು ಓದಿದರಷ್ಟೇ ಸಾಲದು, ಆ ಹೋರಿಯ ಸ್ಟ್ರಾದಿಂದ ಎಷ್ಟು ಹಸುಗಳು ನಿಜವಾಗಿ ಗಬ್ಬ ಕಟ್ಟಿದುವು ಎಂಬ ಲೆಕ್ಕ ಬೇಕು. ಅದು ಬರಬೇಕಾದದ್ದು ಹಳ್ಳಿಯಿಂದ. ಸಾರಜನಕದ ಕ್ಯಾನುಗಳಲ್ಲಿ ಕುಳಿತು ಹೆಸರಘಟ್ಟದಿಂದ ಹೊರಡುವ ಪ್ರತಿ ಸ್ಟ್ರಾದ ಮೈಮೇಲೆ ಹೋರಿಯ ಸಂಖ್ಯೆ, ತಳಿ, ಕೇಂದ್ರದ ಗುರುತು, ತಯಾರಾದ ದಿನ ಎಲ್ಲ ಅಚ್ಚಾಗಿರುತ್ತದೆ. ಹಸುವಿನ ಕಿವಿಯ ಹಳದಿ ಬಿಲ್ಲೆಯಲ್ಲಿ ಹನ್ನೆರಡು ಅಂಕಿಗಳಿವೆ. ಗರ್ಭಧಾರಣೆ ಮಾಡಿಸಿದ ದಿನವೇ ಈ ಎರಡನ್ನೂ ಮನೆಯ ಮಗು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡು, ಮೂರು ತಿಂಗಳ ನಂತರ ಗಬ್ಬದ ಪರೀಕ್ಷೆ ಮಾಡಿಸಿ, ಕಟ್ಟಿತೋ ಇಲ್ಲವೋ ಎಂಬುದನ್ನು ಪಶು ಆಸ್ಪತ್ರೆಗೆ ತಿಳಿಸಬಹುದು. ಈಗ ಬಹಳ ಮನೆಗಳಲ್ಲಿ ಆಗುವುದು ಬೇರೆ: ಕೆಲಸ ಮುಗಿದೊಡನೆ ಖಾಲಿ ಸ್ಟ್ರಾ ಕೊಟ್ಟಿಗೆಯ ಗಂಜಲಕ್ಕೆ ಬೀಳುತ್ತದೆ, ಮರುದಿನ ಬೆಳಿಗ್ಗೆ ಸಗಣಿಯ ಜೊತೆ ತಿಪ್ಪೆ ಸೇರುತ್ತದೆ.